ವೀಥಿಯಲ್ಲಿ ನೋಡುವವರಾರು? — ‘ಬ್ಲ್ಯಾಂಕ್ ನಾಯ್ಸ್’ ಎಂಬ ದೃಶ್ಯಪ್ರಯೋಗಗಳ ವಿಮರ್ಶೆ

ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿಗೆ ಸೇರಿದ ಕುರುಡುಮಲೆಯು ಏಕಶಿಲೆಯ ಮಹಾಗಣಪತಿಯಿಂದ ಪ್ರಸಿದ್ಧವಾದ ಗ್ರಾಮವೆಂಬುದು ವಿದಿತವೇ ಆಗಿದೆ. ಅಲ್ಲಿಯೇ ಇರುವ ಸೋಮೇಶ್ವರ ದೇವಾಲಯವನ್ನು ಕುರಿತು ಸ್ಥಳದಲ್ಲಿ ಒಂದು ಐತಿಹ್ಯವುಂಟು. ಆ ಗುಡಿಯ ಒಂದು ಭಾಗವನ್ನು ಜಕಣಾಚಾರಿಯೂ ಮತ್ತೊಂದು ಭಾಗವನ್ನು ಆತನ ಮಗನಾದ ಡಂಕಣನೂ ಕಂಡರಿಸಿದರೆಂದು ಹೇಳಿ, ಎರಡು ಕೈಗಳ ತಾರತಮ್ಯವನ್ನು ಬಂದವರಿಗೆ ತೋರಿಸುವ ವಾಡಿಕೆಯಿದೆ. ಚರಿತ್ರಕಾರರು ಈ ಮಾತನ್ನು ಒಪ್ಪುವುದಿಲ್ಲ. ಜಕಣನ ಹೆಸರು ಶಾಸನಗಳಲ್ಲಿ ನಿಲ್ಲತಕ್ಕ ಪ್ರಮಾಣದೊಡನೆ ದೊರೆಯದು, ಬೇಲೂರಿನ ವಿಗ್ರಹಗಳ ಕೆಳಗೆ ಕಾಣುವುದು ಬಳ್ಳಿಗಾವೆಯ ದಾಸೋಜನ ಹೆಸರು, ಆತನ ಮಗನಾದ ಚಾವಣನ ಹೆಸರು. ಆದರೂ ಐತಿಹ್ಯದೊಳಗೆ ಅಡಗಿರುವ ತತ್ತ್ವವೊಂದು ಗ್ರಾಹ್ಯವಾಗಿದೆ. ಕಲಿಯುತ್ತಿರುವವನ ಕೆಲಸವು ಕಲಿಸಿದವನ ಕೆಲಸದ ಪಕ್ಕದಲ್ಲಿ, ಅದೇ ಗೋಡೆಯ ಮೇಲೆ, ಅದೇ ಅಳತೆಗೋಲಿನಿಂದ ಪರೀಕ್ಷೆಗೆ ಒಳಗಾಗತಕ್ಕದ್ದು. ವಿದ್ಯಾರ್ಥಿಯೆಂಬ ಕಾರಣದಿಂದ ರಿಯಾಯಿತಿಯೂ ಇಲ್ಲ, ಉಪೇಕ್ಷೆಯೂ ಇಲ್ಲ. ಪಂಡಿತರ ಪತ್ರಿಕೆಯಲ್ಲಿ ಒಬ್ಬ ವಿದ್ಯಾರ್ಥಿನಿಯ ಕೃತಿಯನ್ನು ವಿಮರ್ಶೆಗೆ ತೆಗೆದುಕೊಳ್ಳುವುದು ಉಚಿತವೇ ಎಂದು ಶಂಕಿಸುವವರಿಗೆ ಇಷ್ಟು ಸಮಾಧಾನ ಸಾಕು.

ಶಿಲ್ಪವಿದ್ಯೆಯ ಒಂದು ಶಾಖೆಯೆಂದು ಹೇಳಬಹುದಾದ ವಿನ್ಯಾಸವಿದ್ಯೆಯು ಈ ದೇಶದಲ್ಲಿ ವಿದ್ಯಾಲಯಗಳ ರೂಪವನ್ನು ತಾಳಿದುದು ಈಚೆಗೆ. 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯೂ, 1996ರಲ್ಲಿ ಬೆಂಗಳೂರಿನಲ್ಲಿ ‘ಸೃಷ್ಟಿ’ ಎಂಬ ಕಲಾ ವಿನ್ಯಾಸ ವಿದ್ಯಾಲಯವೂ ಸ್ಥಾಪಿತವಾದವು. ಇಂಥ ವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳನ್ನು ನಗರದ ಬೀದಿಗಳಿಗೆ ಕಳುಹಿಸಿ ಅಲ್ಲಿಯ ನಿತ್ಯವ್ಯವಹಾರವನ್ನು ಚಿತ್ರಿಸಿ ತರುವಂತೆ ನಿಯಮಿಸುವುದುಂಟು. ಅಂಗಡಿಯ ಫಲಕಗಳ ಅಕ್ಷರ, ಹೂವಾಡಗಿತ್ತಿಯ ಬುಟ್ಟಿ, ಆಟೋರಿಕ್ಷಾದ ಬೆನ್ನಿನ ಬರೆಹ, ಸಂಜೆಯ ತರಕಾರಿಯ ಗಾಡಿ ಮೊದಲಾದುವು ಹೀಗೆ ಚಿತ್ರಕ್ಕೆ ಬರುತ್ತವೆ. ಇವುಗಳಲ್ಲಿ ಬಹುಭಾಗವು ವಸ್ತುವರ್ಣನೆಯಲ್ಲಿಯೇ ನಿಲ್ಲುತ್ತದೆ. ಪ್ರಾಚೀನರ ಅಷ್ಟಾದಶ ವರ್ಣನೆಗಳಲ್ಲಿ ಪುರವರ್ಣನೆಯು ಹೇಗೋ ಹಾಗೆ, ಕೈಚಳಕವನ್ನು ತೋರಿಸಿ ಮುಗಿಯುತ್ತದೆ. ನೋಡುವವನು ಯಾರು, ಅವನು ಎಲ್ಲಿ ನಿಂತು ನೋಡುತ್ತಿದ್ದಾನೆ ಎಂಬ ಪ್ರಶ್ನೆಯು ಅಲ್ಲಿ ಹುಟ್ಟುವುದಿಲ್ಲ. ಆ ಪ್ರಶ್ನೆಯನ್ನೇ ವಸ್ತುವನ್ನಾಗಿ ಮಾಡಿಕೊಂಡ ಕೃತಿಯೆಂದರೆ, 2003ರಲ್ಲಿ ಜಸ್ಮೀನ್ ಪಥೇಜಾ ಎಂಬ ವಿದ್ಯಾರ್ಥಿನಿಯು ಸೃಷ್ಟಿ ವಿದ್ಯಾಲಯದಲ್ಲಿ ತಮ್ಮ ಅಧ್ಯಯನದ ಕೊನೆಯ ಪ್ರಯೋಗವಾಗಿ ಆರಂಭಿಸಿದ ‘ಬ್ಲ್ಯಾಂಕ್ ನಾಯ್ಸ್’.

ಪಥೇಜಾ ಅವರು ಕಲ್ಕತ್ತೆಯಿಂದ ಬೆಂಗಳೂರಿಗೆ ವಿದ್ಯಾಭ್ಯಾಸಕ್ಕಾಗಿ ಬಂದವರು. ಬೀದಿಯಲ್ಲಿ ಹೆಂಗಸರಿಗೆ ಆಗುವ ಪೀಡೆಯು ಪ್ರತಿದಿನದ ಅನುಭವವಾಗಿದ್ದರೂ ಅದನ್ನು ಪೀಡೆಯೆಂದು ಯಾರೂ ಎಣಿಸದೆ ಇರುವುದನ್ನು ಕಂಡು, ಅವರು ಮೊದಲು ಕೆಲವು ಹೆಂಗಸರನ್ನು ಒಂದು ಕೋಣೆಯಲ್ಲಿ ಸೇರಿಸಿ, ‘ಸಾರ್ವಜನಿಕ ಸ್ಥಳ’ ಎಂದೊಡನೆ ಮನಸ್ಸಿಗೆ ತೋರುವ ಮಾತುಗಳನ್ನು ಬರೆಯುವಂತೆ ಕೇಳಿದರು. ಸ್ವಲ್ಪ ಹೊತ್ತಿನಲ್ಲಿ ಹಾಳೆಯು ತುಂಬಿತು. ತುಂಬಿದ ಮಾತುಗಳು ಭಯದವು, ಸಂಕೋಚದವು. ಕೃತಿಯ ಬೀಜವು ಇದು. ಕಾವ್ಯಗಳ ಪುರವರ್ಣನೆಗಳೊಡನೆ ಈ ಹಾಳೆಯನ್ನು ಇಟ್ಟು ನೋಡಿದರೆ, ಒಂದೇ ನಗರವು ಇಬ್ಬರಿಗೆ ಎರಡು ನಗರಗಳಾಗಿರುವುದು ಸ್ಪಷ್ಟಪಡುತ್ತದೆ. ಬಹುಕಾಲ ಇಂಥ ಪೀಡೆಗೆ ವೃತ್ತಪತ್ರಿಕೆಗಳು ‘ಈವ್ ಟೀಸಿಂಗ್’ ಎಂದೂ, ಕನ್ನಡದಲ್ಲಿ ‘ಚುಡಾಯಿಸುವುದು’ ಎಂದೂ ಹೆಸರಿಟ್ಟುದನ್ನು ಇಲ್ಲಿ ಗಮನಿಸಬೇಕು. ಮಮ್ಮಟನು ಎಣಿಸಿದ ಪದದೋಷಗಳಲ್ಲಿ ಅನುಚಿತಾರ್ಥವೆಂಬುದು ಒಂದು. ಹಿಂಸೆಗೆ ವಿನೋದದ ಹೆಸರನ್ನು ಕೊಡುವುದಕ್ಕಿಂತ ದೊಡ್ಡ ಅನುಚಿತಾರ್ಥವು ಯಾವುದಿದ್ದೀತು? ಹಿಂಬಾಲಿಸುವುದು, ಕದ್ದು ನೋಡುವುದು ಮೊದಲಾದ ಕೃತ್ಯಗಳಿಗೆ ದಂಡಸಂಹಿತೆಯಲ್ಲಿ ಪ್ರತ್ಯೇಕವಾದ ಹೆಸರುಗಳು ದೊರೆತುದು 2013ರ ತಿದ್ದುಪಡಿಯಿಂದ. ಬ್ಲ್ಯಾಂಕ್ ನಾಯ್ಸ್ ಆರಂಭವಾಗಿ ಆಗ ಹತ್ತು ವರ್ಷಗಳಾಗಿದ್ದುವು.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಇದು ಸಮಾಜಸುಧಾರಣೆಯ ಕೆಲಸವೇ ಹೊರತು ಕಲೆಯಲ್ಲ. ಚಿತ್ರಪಟವಿಲ್ಲ, ವಿಗ್ರಹವಿಲ್ಲ, ರಂಗವಿಲ್ಲ. ಹೀಗಿರಲು ಅಲಂಕಾರಶಾಸ್ತ್ರದ ವಿಚಾರವು ಇದಕ್ಕೆ ಹೇಗೆ ಪ್ರವರ್ತಿಸೀತು? ಉತ್ತರವನ್ನು ಶಾಸ್ತ್ರವೇ ಕೊಡುತ್ತದೆ. ದಶರೂಪಕಗಳ ಪೈಕಿ ‘ವೀಥಿ’ ಎಂಬುದೊಂದು ರೂಪಕವುಂಟು. ‘ಭಾಣ’ವೆಂಬುದು ಅದರ ಹತ್ತಿರದ ನಂಟು. ವೀಥಿಯೆಂದರೆ ಬೀದಿಯೆಂದೂ ಅರ್ಥ, ಸಾಲೆಂದೂ ಅರ್ಥ. ಲಕ್ಷಣಕಾರರು ಹದಿಮೂರು ವೀಥ್ಯಂಗಗಳನ್ನು ಹೇಳಿ, ಮಾತಿನ ಚಾತುರ್ಯವನ್ನೇ ಪ್ರಧಾನವಾಗಿ ವಿವರಿಸಿ, ಬೀದಿಯ ವಿಷಯವನ್ನು ಮರೆತರು. ಅದನ್ನು ಮರೆಯದೆ ಇದ್ದವರು ಭಾಣಕಾರರು. 1922ರಲ್ಲಿ ‘ಚತುರ್ಭಾಣೀ’ ಎಂಬ ಹೆಸರಿನಿಂದ ಮುದ್ರಣಕ್ಕೆ ಬಂದ ಶೂದ್ರಕ, ಈಶ್ವರದತ್ತ, ವರರುಚಿ, ಶ್ಯಾಮಿಲಕರ ನಾಲ್ಕು ಭಾಣಗಳಲ್ಲಿ ಉಜ್ಜಯಿನೀ ಪಾಟಲಿಪುತ್ರಗಳ ಬೀದಿಗಳು ಜೀವಂತವಾಗಿ ನಿಂತಿವೆ. ಒಬ್ಬನೇ ಪಾತ್ರಧಾರಿ, ಅವನು ವಿಟ. ಮನೆಯಿಂದ ಹೊರಟು ಬೀದಿಬೀದಿಯನ್ನು ಸುತ್ತುತ್ತಾನೆ. ಎದುರಿಗೆ ಸಿಕ್ಕಿದ ವೈಯಾಕರಣನನ್ನೂ ವರ್ತಕನನ್ನೂ ಗಣಿಕೆಯನ್ನೂ ನೋಡಿ ಮಾತನಾಡಿಸುತ್ತಾನೆ. ನಗರದ ನಿತ್ಯಜೀವನವನ್ನು ಬೀದಿಯಲ್ಲಿ ನಡೆಯುತ್ತ ಚಿತ್ರಿಸುವ ಕಲೆಯು ಈ ದೇಶಕ್ಕೆ ಹೊಸದೆಂದು ತಿಳಿದಿರುವ ವಿನ್ಯಾಸವಿದ್ಯಾರ್ಥಿಗಳು ಈ ಭಾಣಗಳನ್ನು ಓದತಕ್ಕದ್ದು.

ಭಾಣದ ಮುಖ್ಯವಾದ ಉಪಾಯವು ಆಕಾಶಭಾಷಿತ. ರಂಗದ ಮೇಲೆ ಇರುವವನು ವಿಟನೊಬ್ಬನೇ ಆದಕಾರಣ, ಇತರರ ಮಾತನ್ನು ಅವನೇ ಕೇಳಿದಂತೆ ನಟಿಸಿ, ‘ಏನೆಂದೆ? ಹೀಗೆನ್ನುವೆಯಾ?’ ಎಂದು ತಾನೇ ಅನುವಾದಿಸುತ್ತಾನೆ. ಬೀದಿಯಲ್ಲಿ ಹೋಗುವ ಹೆಂಗಸು ಭಾಣದಲ್ಲಿ ಉಂಟು. ಅವಳ ಉಡುಗೆಯುಂಟು, ನಡೆಯುಂಟು, ನೋಟವುಂಟು, ಉತ್ತರವೂ ಉಂಟು. ಆದರೆ ಆ ಉತ್ತರವು ವಿಟನ ಬಾಯಿಂದಲ್ಲದೆ ಪ್ರೇಕ್ಷಕನಿಗೆ ಕೇಳಿಸುವುದಿಲ್ಲ. ಅವಳು ನಕ್ಕಳೆಂದು ಅವನು ಹೇಳಿದರೆ ನಕ್ಕಳು; ಒಪ್ಪಿದಳೆಂದರೆ ಒಪ್ಪಿದಳು. ಕನ್ನಡದ ಚಂಪೂಕಾವ್ಯಗಳ ಸೂಳೆಗೇರಿಯ ವರ್ಣನೆಗಳಲ್ಲಿಯೂ ಇದೇ ಕ್ರಮ. ಪಂಪನ ವಿಕ್ರಮಾರ್ಜುನವಿಜಯದ ನಾಲ್ಕನೆಯ ಆಶ್ವಾಸದಲ್ಲಿ ವಿರಹಿಯಾದ ಅರ್ಜುನನು ಇರುಳಿನಲ್ಲಿ ಆ ಕೇರಿಯೊಳಗೆ ನಡೆಯುತ್ತಾನೆ. ಪಂಪನ ಕಣ್ಣು ಸೂಕ್ಷ್ಮವಾದುದು, ಕುಡಿದವರ ತೊದಲನ್ನೂ ಬಿಡದೆ ಹಿಡಿಯುವಂಥದು, ಆದರೆ ನಡೆಯುವ ಕಾಲುಗಳು ಅರ್ಜುನನವು. ಅಜನೂ ಶಿವನೂ ಮೆರವಣಿಗೆಯಲ್ಲಿ ಬರುವಾಗ ಕಾಳಿದಾಸನ ಪುರಸ್ತ್ರೀಯರು ನೋಡುವವರಾಗುತ್ತಾರೆ, ನಿಜ. ಅವರು ನೋಡುವುದು ಗವಾಕ್ಷದಿಂದ. ಬೇಲೂರಿನ ದರ್ಪಣಸುಂದರಿಯು ನೋಡುವುದು ಕನ್ನಡಿಯನ್ನು. ಬೀದಿಯಲ್ಲಿ ನಿಂತು ಬೀದಿಯನ್ನು ನೋಡುವ ಅಧಿಕಾರವು ಕಾವ್ಯಪರಂಪರೆಯಲ್ಲಿ ಹೆಂಗಸಿಗೆ ಅಪೂರ್ವ. ವಚನಕಾರರ ಕಾಲದ ಅಕ್ಕಮಹಾದೇವಿಯೊಬ್ಬಳು ಇದಕ್ಕೆ ಮಹತ್ತಾದ ಅಪವಾದ. ಅರಮನೆಯನ್ನೂ ಉಡುಗೆಯನ್ನೂ ಬಿಟ್ಟು ಕಲ್ಯಾಣದ ದಾರಿಯನ್ನು ಹಿಡಿದ ಆಕೆಯು ತನ್ನನ್ನು ದಿಟ್ಟಿಸಿದವರಿಗೆ ತಾನೇ ಉತ್ತರ ಕೊಟ್ಟಳು. ಆದರೆ ಲೋಕವು ಆಕೆಯನ್ನು ಶರಣೆಯೆಂದು ಪೂಜಿಸಿತು, ದಾರಿಹೋಕಳೆಂದು ಗಣಿಸಲಿಲ್ಲ.

ಆದರೆ ಪ್ರಾಚೀನರಲ್ಲಿ ಒಬ್ಬ ಕವಿಗೆ ಈ ವಿಷಯವು ಸಂಪೂರ್ಣವಾಗಿ ತಿಳಿದಿತ್ತು. ಮೃಚ್ಛಕಟಿಕದ ಮೊದಲನೆಯ ಅಂಕದಲ್ಲಿಯೇ ಕತ್ತಲೆಯ ಬೀದಿಯ ಸನ್ನಿವೇಶವೊಂದುಂಟು. ರಾಜಶ್ಯಾಲನಾದ ಶಕಾರನು ವಿಟಚೇಟರೊಡನೆ ವಸಂತಸೇನೆಯನ್ನು ಅಟ್ಟಿಕೊಂಡು ಬರುತ್ತಾನೆ. ಅವನ ಮಾತುಗಳು ಪುರಾಣಗಳನ್ನು ತಲೆಕೆಳಗು ಮಾಡುವ ಮೂರ್ಖೋಕ್ತಿಗಳಾದುದರಿಂದ ಸಭೆಯು ನಗುತ್ತದೆ; ಓಡುತ್ತಿರುವವಳಿಗೆ ಅದು ಹಾಸ್ಯವಲ್ಲ, ಭಯಾನಕ. ಹೂಮಾಲೆಯ ಪರಿಮಳವೂ ನೂಪುರದ ಸದ್ದೂ ನಿನ್ನನ್ನು ತೋರಿಸಿಕೊಡುವುವೆಂದು ವಿಟನು ಕನಿಕರದಿಂದ ಸೂಚಿಸಲು, ಅವಳು ಎರಡನ್ನೂ ತೆಗೆದುಹಾಕುತ್ತಾಳೆ. ಹೆಂಗಸು ಬೀದಿಯಲ್ಲಿ ಕ್ಷೇಮವಾಗಿರಬೇಕಾದರೆ ಕಾಣದಂತೆಯೂ ಕೇಳದಂತೆಯೂ ಆಗಬೇಕೆಂಬ ಉಪದೇಶವು ಎಷ್ಟು ಹಳೆಯದು ನೋಡಿ! ಇಷ್ಟಾದ ಮೇಲೆ ಶಕಾರನ ಕೈಗೆ ಸಿಕ್ಕುವವಳು ವಸಂತಸೇನೆಯಲ್ಲ. ಬಲಿಯನ್ನಿಡುವುದಕ್ಕಾಗಿ ಮೈತ್ರೇಯನೊಡನೆ ಹೊರಗೆ ಬಂದ ಚಾರುದತ್ತನ ಮನೆಯ ಕೆಲಸದವಳಾದ ರದನಿಕೆ. ಶಕಾರನು ಅವಳ ಕೂದಲನ್ನು ಹಿಡಿಯುತ್ತಾನೆ. ಮೈತ್ರೇಯನು ಕೂಗಾಡಿ ಬಿಡಿಸುತ್ತಾನೆ; ಆಮೇಲೆ ಅವಳಿಗೆ ಹೇಳುವ ಮಾತು, ಆದ ಅವಮಾನವನ್ನು ಆರ್ಯ ಚಾರುದತ್ತನಿಗೆ ತಿಳಿಸಬೇಡ, ಬಡತನದಿಂದ ನೊಂದವನು ಇನ್ನೂ ನೊಂದಾನು ಎಂದು. ತನ್ನ ಬಾಯಿಯು ಬಿಗಿಯಾಗಿರುವುದೆಂದು ರದನಿಕೆಯು ಒಪ್ಪಿಕೊಳ್ಳುತ್ತಾಳೆ. ನಾಟಕವು ಮುಂದೆ ಸಾಗುತ್ತದೆ. ಆ ಮಾತು ಮತ್ತೆ ಏಳುವುದಿಲ್ಲ. ಪಾಠಶಾಲೆಗಳಲ್ಲಿ ಈ ಅಂಕವನ್ನು ಪಾಠ ಹೇಳುವಾಗ ವಸಂತಸೇನೆಯ ಚಾತುರ್ಯವನ್ನೂ ಚಾರುದತ್ತನ ಔದಾರ್ಯವನ್ನೂ ವಿಸ್ತರಿಸಿ, ರದನಿಕೆಯನ್ನು ಅಂಕಸಂಧಿಯ ಒಂದು ಉಪಕರಣವೆಂದು ದಾಟಿಹೋಗುವುದೇ ಸಂಪ್ರದಾಯವಾಗಿದೆ.

ಶಾಸ್ತ್ರವು ಇದಕ್ಕೆ ಹೆಸರನ್ನು ಕೊಡದೆ ಇಲ್ಲ. ರತಿಯು ಇಬ್ಬರಲ್ಲಿಯೂ ನೆಲೆಗೊಳ್ಳದೆ ಒಬ್ಬನಲ್ಲಿಯೇ ಇದ್ದರೆ ಅದು ಶೃಂಗಾರವಲ್ಲ, ಶೃಂಗಾರಾಭಾಸ. ಸೀತೆಯ ವಿಷಯದಲ್ಲಿ ರಾವಣನ ರತಿಯನ್ನು ಅಭಿನವಗುಪ್ತನು ಹೀಗೆಯೇ ನಿರ್ಣಯಿಸಿದ್ದಾನೆ. ಈ ನಿರ್ಣಯವು ಅತ್ಯಂತ ನ್ಯಾಯವಾದುದು. ಆದರೆ ಆಭಾಸವನ್ನು ಅನುಭವಿಸುವವಳ ಪಕ್ಷದಿಂದ ಅದು ಯಾವ ರಸವೆಂಬುದನ್ನು ಯಾವ ಲಕ್ಷಣಕಾರನೂ ಪ್ರತ್ಯೇಕವಾಗಿ ವಿಚಾರಿಸಿದಂತೆ ತೋರುವುದಿಲ್ಲ. ಬ್ಲ್ಯಾಂಕ್ ನಾಯ್ಸಿನ ಪ್ರಯೋಗಗಳನ್ನು ಇಟ್ಟು ನೋಡಬೇಕಾದ ಸ್ಥಳವು ಇದೇ. ಶಾಸ್ತ್ರವು ನಿಲ್ಲಿಸಿದ ಕಡೆಯಿಂದ ಅವು ಹೊರಡುತ್ತವೆ.

ಎಲ್ಲ ಪ್ರಯೋಗಗಳೂ ಸಮಾನವಲ್ಲ. ಆರಂಭದಲ್ಲಿ ಪಥೇಜಾ ಅವರು ಕ್ಯಾಮೆರಾವನ್ನು ಹಿಡಿದು, ಪೀಡಿಸಿದ ಗಂಡಸರ ಛಾಯಾಚಿತ್ರವನ್ನು ಬೀದಿಯಲ್ಲಿಯೇ ತೆಗೆದು ಪ್ರಕಟಿಸುವ ಮಾರ್ಗವನ್ನು ಹಿಡಿದಿದ್ದರು. ಇದರ ಧೈರ್ಯವು ಮೆಚ್ಚತಕ್ಕದ್ದಾದರೂ ಕಲೆಯಾಗಿ ಇದು ದುರ್ಬಲ. ಭಟ್ಟನಾಯಕನು ಹೇಳಿದ ಸಾಧಾರಣೀಕರಣವು ಇಲ್ಲಿ ನಡೆಯುವುದಿಲ್ಲ. ನೋಡುವವನ ಮನಸ್ಸು ಈ ಮನುಷ್ಯನು ಯಾರು, ತಪ್ಪು ನಿಜವೇ ಸುಳ್ಳೇ ಎಂಬ ವಿಶೇಷದಲ್ಲಿ ಸಿಕ್ಕಿಕೊಂಡು, ನೋಟವೆಂಬ ಸಾಮಾನ್ಯಕ್ಕೆ ಏರಲಾರದು. ವಿಟನ ಕೈಯಿಂದ ಕೋಲನ್ನು ಕಿತ್ತುಕೊಂಡಂತೆ ಆಯಿತೇ ಹೊರತು ಕೋಲಿನ ಸ್ವರೂಪವು ಬದಲಾಗಲಿಲ್ಲ.

ಇದಕ್ಕೆ ಹೋಲಿಸಿದರೆ ಸಿಗ್ನಲ್ಲಿನ ಪ್ರಯೋಗವು ಬೇರೆಯೇ ಜಾತಿಯದು. ಬೆಂಗಳೂರಿನ ರಸ್ತೆಯೊಂದರಲ್ಲಿ ಕೆಂಪು ದೀಪವು ಹತ್ತಿ ವಾಹನಗಳು ನಿಂತೊಡನೆ, ಕೆಲವರು ಯುವತಿಯರು ಪಾದಚಾರಿಗಳ ಪಟ್ಟೆಯ ಮೇಲೆ ಬಂದು ಸಾಲಾಗಿ ನಿಲ್ಲುತ್ತಾರೆ. ಒಬ್ಬೊಬ್ಬಳ ಅಂಗಿಯ ಮೇಲೆಯೂ ಒಂದೊಂದು ಅಕ್ಷರ, ಬೆಳಕಿಗೆ ಹೊಳೆಯುವ ಕೆಂಪು ಪಟ್ಟಿಯಿಂದ ಅಂಟಿಸಿದುದು. ಅಕ್ಷರಗಳನ್ನು ಕೂಡಿಸಿ ಓದಿದರೆ, ‘ನನ್ನನ್ನೇಕೆ ನೋಡುತ್ತಿದ್ದೀಯೆ’ ಎಂಬ ಇಂಗ್ಲಿಷ್ ವಾಕ್ಯ. ಅವರು ಮಾತನಾಡುವುದಿಲ್ಲ, ಕೂಗುವುದಿಲ್ಲ. ಎದುರಿಗೆ ನಿಂತ ವಾಹನಗಳನ್ನು ನೋಡುತ್ತಾರೆ. ದೀಪವು ಹಸುರಾಗುವಾಗ ಚದರಿಹೋಗುತ್ತಾರೆ. ಇದರ ಸ್ವಾರಸ್ಯವನ್ನು ಬಿಡಿಸಿ ಹೇಳಬೇಕಾದರೆ: ಒಬ್ಬೊಬ್ಬಳನ್ನೇ ನೋಡಿದರೆ ಅರ್ಥವಿಲ್ಲ, ಒಂದು ವರ್ಣ ಮಾತ್ರ, ಅರ್ಥಬೇಕಾದವನು ಎಲ್ಲರನ್ನೂ ಓದಬೇಕು. ಮೈಯನ್ನು ನೋಡಹೊರಟ ಕಣ್ಣು ಅಕ್ಷರವನ್ನು ಓದುವಂತಾಗುತ್ತದೆ. ಓದಿ ಮುಗಿಸಿದ ಕ್ಷಣದಲ್ಲಿ ಆ ವಾಕ್ಯವು ಓದಿದವನನ್ನೇ ಕರ್ಮವನ್ನಾಗಿ ಹಿಡಿಯುತ್ತದೆ. ಮೀಮಾಂಸಕರ ವಿಚಾರದಲ್ಲಿ ಪದಗಳು ಕೂಡಿ ವಾಕ್ಯಾರ್ಥವಾಗುವ ಬಗೆಯನ್ನು ಇಷ್ಟು ಪ್ರತ್ಯಕ್ಷವಾಗಿ ತೋರಿಸುವ ದೃಷ್ಟಾಂತವು ವಿರಳ. ಭಾಣದ ಆಕಾಶಭಾಷಿತವೂ ಇಲ್ಲಿ ತಿರುವುಮುರುವಾಗಿದೆ. ಅಲ್ಲಿ ಅವಳು ಮೌನಿ, ಅವನು ಅವಳ ಮಾತನ್ನು ಕಟ್ಟುತ್ತಾನೆ. ಇಲ್ಲಿಯೂ ಅವಳು ಮೌನಿಯೇ. ಆದರೆ ಉತ್ತರವನ್ನು ಮನಸ್ಸಿನೊಳಗೆ ಕಟ್ಟಬೇಕಾದವನು ವಾಹನದಲ್ಲಿ ಕುಳಿತವನು, ಆ ಉತ್ತರವು ಅವನಿಗಲ್ಲದೆ ಮತ್ತಾರಿಗೂ ಕೇಳಿಸದು.

ವಾಕ್ಯವು ಇಂಗ್ಲಿಷಿನಲ್ಲಿದ್ದುದು ದೋಷವೇ ಸರಿ. ಬೆಂಗಳೂರಿನ ಸಿಗ್ನಲ್ಲಿನಲ್ಲಿ ನಿಲ್ಲುವವರು ಕನ್ನಡ, ತಮಿಳು, ತೆಲುಗು, ಉರ್ದುಗಳನ್ನಾಡುವ ಜನ; ಇಂಗ್ಲಿಷನ್ನು ಓದಬಲ್ಲವರಿಗೆ ಮಾತ್ರ ಬಾಣವು ತಗುಲಿ, ಉಳಿದವರಿಗೆ ಸಾಲಾಗಿ ನಿಂತ ಯುವತಿಯರು ಮಾತ್ರ ಕಂಡರೆ, ಪ್ರಯೋಗವು ತಾನು ಖಂಡಿಸಹೊರಟ ನೋಟಕ್ಕೇ ವಿಷಯವಾದಂತಾಯಿತು. ಕನ್ನಡದಲ್ಲಿ ಇದೇ ಪ್ರಶ್ನೆಯನ್ನು ‘ಏನ್ ನೋಡ್ತೀಯಾ’ ಎಂಬ ಎರಡು ಮಾತುಗಳಲ್ಲಿ ಕೇಳಬಹುದು. ಕೋಲಾರದ ಸಂತೆಗಳಲ್ಲಿ ಮಾರುವ ಹೆಂಗಸರು ಕೇಳದೆಯೂ ಬಿಟ್ಟಿಲ್ಲ.

ಉಡುಪುಗಳ ಸಂಗ್ರಹವು ಈ ಕೃತಿಸಮುದಾಯದಲ್ಲಿ ಹೆಚ್ಚು ಕಾಲ ನಡೆದು ಹೆಚ್ಚು ಜನರನ್ನು ಮುಟ್ಟಿದ ಭಾಗ. ‘ಐ ನೆವರ್ ಆಸ್ಕ್ ಫಾರ್ ಇಟ್’, ಅಂದರೆ ‘ನಾನು ಇದನ್ನೆಂದೂ ಬೇಡಲಿಲ್ಲ’, ಎಂಬುದು ಅದರ ಹೆಸರು. ಪೀಡೆಗೆ ಒಳಗಾದಾಗ ಉಟ್ಟಿದ್ದ ಬಟ್ಟೆಯನ್ನು ಹೆಂಗಸರು ಕೊಡುತ್ತಾರೆ. ಹತ್ತು ಸಾವಿರ ಉಡುಪುಗಳನ್ನು ಕೂಡಿಸಿ ದೆಹಲಿಯ ಇಂಡಿಯಾ ಗೇಟಿನ ಬಳಿ ನಿಲ್ಲಿಸಬೇಕೆಂಬುದು ಸಂಕಲ್ಪ. ಹೀಗೆ ಕೊಡುವ ಬಟ್ಟೆಯು ಅಸಾಮಾನ್ಯವಾದುದಲ್ಲ: ಶಾಲೆಯ ಸಮವಸ್ತ್ರ, ಸಲ್ವಾರ್, ಸೀರೆ. ಬರಿಯ ಬಟ್ಟೆ, ತೊಟ್ಟವಳಿಲ್ಲ. ಉಟ್ಟವಳನ್ನು ಕಾಣದೆ ಉಡುಪನ್ನು ಕಂಡಾಗ, ಉಡುಪೇ ಕಾರಣವೆಂಬ ಲೋಕಪ್ರವಾದವು ಬಾಯಿಯಿಂದ ಹೊರಡಲಾರದೆ ನಿಲ್ಲುತ್ತದೆ. ಇಲ್ಲಿ ವಾಚ್ಯವು ಅತ್ಯಲ್ಪ, ಧ್ವನಿಯೇ ಎಲ್ಲ. ಈ ಪ್ರವಾದವು ಸತ್ತಿಲ್ಲವೆಂಬುದಕ್ಕೆ ಬೆಂಗಳೂರೇ ಸಾಕ್ಷಿ: 2016ರ ಕೊನೆಯ ರಾತ್ರಿ ಮಹಾತ್ಮ ಗಾಂಧಿ ರಸ್ತೆ ಬ್ರಿಗೇಡ್ ರಸ್ತೆಗಳ ಜನಸಂದಣಿಯಲ್ಲಿ ಹೆಂಗಸರಿಗೆ ಉಪದ್ರವವಾದಾಗ, ಅವರ ವೇಷವನ್ನು ಆಕ್ಷೇಪಿಸುವ ಮಾತು ಅಧಿಕಾರಸ್ಥಾನದಿಂದಲೇ ಹೊರಟಿತು. ವಸಂತಸೇನೆಯು ಕತ್ತಲೆಯಲ್ಲಿ ತೆಗೆದುಹಾಕಿದ ಮಾಲೆಯೂ ನೂಪುರವೂ, ರದನಿಕೆಯು ನುಂಗಿಕೊಂಡ ಮಾತೂ ಈ ಸಂಗ್ರಹದಲ್ಲಿ ಮರಳಿ ಬಂದಂತಿವೆ. ಶೀರ್ಷಿಕೆಯು ಮಾತ್ರ ಘೋಷಣೆಯ ಧಾಟಿಯದು. ಬಟ್ಟೆಯು ಹೇಳುವುದನ್ನು ಹೆಸರೂ ಹೇಳಿದರೆ ವ್ಯಂಗ್ಯವು ವಾಚ್ಯಕ್ಕೆ ಇಳಿಯುತ್ತದೆ. ಆನಂದವರ್ಧನನು ಇದನ್ನು ಗುಣೀಭೂತವ್ಯಂಗ್ಯವೆಂದು ಎರಡನೆಯ ಪಂಕ್ತಿಯಲ್ಲಿ ಕೂರಿಸುತ್ತಿದ್ದನು.

2012ರ ‘ಟಾಕ್ ಟು ಮಿ’ ಎಂಬ ಪ್ರಯೋಗವು ಯಲಹಂಕದಲ್ಲಿ, ವಿದ್ಯಾಲಯದ ಸಮೀಪದ ಒಂದು ಓಣಿಯಲ್ಲಿ ನಡೆಯಿತು. ವಿದ್ಯಾರ್ಥಿನಿಯರು ಅಂಜಿಕೆಯಿಂದ ಆ ಓಣಿಗೆ ಅತ್ಯಾಚಾರಿಯ ಹೆಸರನ್ನೇ ಇಟ್ಟಿದ್ದರು. ಅದೇ ಓಣಿಯಲ್ಲಿ ಮೇಜು, ಎದುರುಬದುರಾಗಿ ಎರಡು ಕುರ್ಚಿ, ಚಹಾ, ಸಮೋಸ ಇಟ್ಟು, ದಾರಿಯಲ್ಲಿ ಹೋಗುವ ಅಪರಿಚಿತನನ್ನು ಕರೆದು ಕುಳ್ಳಿರಿಸಿ ಮಾತನಾಡಿದರು. ಪೀಡೆಯ ವಿಷಯವನ್ನು ಎತ್ತತಕ್ಕದ್ದಲ್ಲವೆಂದು ನಿಯಮ. ಭಾಣದ ವಿಟನು ನಡೆಯುತ್ತ ಮಾತನಾಡಿಸಿದ್ದನ್ನು ಇವರು ಕುಳಿತು ಮಾತನಾಡಿಸಿದರು, ಮತ್ತು ಎದುರಿನವನ ಉತ್ತರವನ್ನು ತಮ್ಮ ಬಾಯಿಂದ ಹೇಳಲಿಲ್ಲ, ಅವನಿಂದಲೇ ಕೇಳಿದರು. ಅಂಜಿದವಳೇ ಆತಿಥ್ಯವನ್ನೂ ಮಾಡಬೇಕೇ ಎಂದು ಆಕ್ಷೇಪಿಸಬಹುದು. ಆಕ್ಷೇಪಕ್ಕೆ ತಕ್ಕಷ್ಟು ಬಲವಿದೆ. ಆದರೆ ಓಣಿಯ ಅಪರಿಚಿತನ ಮೇಲಿನ ಭಯದೊಳಗೆ ಗಂಡಸಿನ ಭಯದೊಡನೆ ಬಡವನ ಭಯವೂ ಬೆರೆತಿರುವುದುಂಟು. ಎರಡನ್ನೂ ಬೇರೆಬೇರೆಯಾಗಿ ಕಾಣುವುದಕ್ಕೆ ಅವನನ್ನು ಸಮಾನವಾದ ಎತ್ತರದ ಕುರ್ಚಿಯಲ್ಲಿ ಕುಳ್ಳಿರಿಸುವುದಲ್ಲದೆ ಬೇರೆ ಉಪಾಯವು ಸುಲಭವಲ್ಲ. ಓಣಿಗೆ ಅತ್ಯಂತ ಕ್ಷೇಮವಾದ ಓಣಿಯೆಂದು ಆಮೇಲೆ ಹೆಸರಿಟ್ಟುದು ಉತ್ಸಾಹದ ಅತಿಶಯೋಕ್ತಿ. ಅದನ್ನು ವಿಮರ್ಶಕನು ನಕ್ಕು ಬಿಡಬಹುದು.

ಇವೆಲ್ಲಕ್ಕಿಂತ ಮೇಲಾದುದು 2014ರಲ್ಲಿ ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಮೊದಲಾಗಿ ಅನಂತರ ಅನೇಕ ನಗರಗಳಿಗೆ ಹಬ್ಬಿದ ‘ಮೀಟ್ ಟು ಸ್ಲೀಪ್’. ಹೆಂಗಸರು ಉದ್ಯಾನದಲ್ಲಿ ಸೇರಿ, ಹುಲ್ಲಿನ ಮೇಲೆ ಮಲಗಿ, ನಿದ್ದೆ ಮಾಡುತ್ತಾರೆ. ಇಷ್ಟೇ. ಗಂಡಸರು ಪ್ರತಿದಿನ ಮಧ್ಯಾಹ್ನ ಮರದ ನೆರಳಿನಲ್ಲಿ ಮಾಡುವ ಕೆಲಸವನ್ನು ಹೆಂಗಸು ಮಾಡಿದರೆ ಅದು ಕೃತಿಯಾಗುತ್ತದೆಯೆಂಬಲ್ಲಿಯೇ ಅದರ ಅರ್ಥವಿದೆ. ಪ್ರಾಚೀನ ಸಾಹಿತ್ಯದಲ್ಲಿ ನಿದ್ರಿಸುವ ಹೆಂಗಸನ್ನು ಹುಡುಕಿ ನೋಡಿದರೆ ಮೂರು ಪ್ರಸಿದ್ಧ ಸ್ಥಳಗಳು ನೆನಪಿಗೆ ಬರುತ್ತವೆ. ಸುಂದರಕಾಂಡದಲ್ಲಿ ರಾವಣನ ಅಂತಃಪುರದ ಸ್ತ್ರೀಯರು ನಿದ್ರಿಸುತ್ತಿದ್ದಾರೆ, ಹನುಮಂತನು ನೋಡುತ್ತಾನೆ. ಬುದ್ಧಚರಿತದ ಐದನೆಯ ಸರ್ಗದಲ್ಲಿ ಅರಮನೆಯ ಸ್ತ್ರೀಯರು ನಿದ್ರಿಸುತ್ತಿದ್ದಾರೆ, ಸಿದ್ಧಾರ್ಥನು ನೋಡಿ ವಿರಕ್ತನಾಗುತ್ತಾನೆ. ಕಾಡಿನಲ್ಲಿ ದಮಯಂತಿಯು ನಿದ್ರಿಸುತ್ತಿದ್ದಾಳೆ, ನಳನು ನೋಡಿ ಬಿಟ್ಟುಹೋಗುತ್ತಾನೆ. ಹನುಮಂತನ ಶುದ್ಧಿಯೂ ಸಿದ್ಧಾರ್ಥನ ವೈರಾಗ್ಯವೂ ನಳನ ವ್ಯಾಕುಲತೆಯೂ ಬೇರೆಬೇರೆ; ಆದರೆ ಮೂರು ಕಡೆಯೂ ಎಚ್ಚರವಾಗಿರುವವನು ಗಂಡಸು, ಅವಳ ನಿದ್ರೆಯು ಅವನ ಕಥೆಯ ಒಂದು ಘಟ್ಟ. ಕಬ್ಬನ್ ಉದ್ಯಾನದಲ್ಲಿ ನಿದ್ರೆಯು ನಿದ್ರಿಸುವವಳದೇ. ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಶಂಕೆ, ತ್ರಾಸ, ನಿದ್ರೆ, ಸುಪ್ತ ಇವು ನಾಲ್ಕೂ ಎಣಿಕೆಗೊಂಡಿವೆ; ಕಣ್ಣು ಮುಚ್ಚಿದ್ದರೂ ಕಿವಿ ತೆರೆದಿರುವ ಶಂಕೆಯಿಂದ ಆರಂಭವಾಗಿ, ಎಲೆ ಅಲುಗಿದರೆ ಬೆಚ್ಚುವ ತ್ರಾಸವನ್ನು ದಾಟಿ, ನಿದ್ರೆಯವರೆಗೆ ಮೈಯು ಸಾಗಬೇಕಾದ ದಾರಿಯೇ ಈ ರೂಪಕದ ಇತಿವೃತ್ತ. ನಟಿಯು ನಿದ್ರೆಯನ್ನು ಅಭಿನಯಿಸಬಲ್ಲಳು; ಇಲ್ಲಿ ಅಭಿನಯವು ಸಾಲದು, ನಿದ್ರೆಯು ನಿಜವಾಗಿಯೂ ಬರಬೇಕು, ಬಾರದಿದ್ದರೆ ಬಾರದಿರುವುದೇ ಕೃತಿಯ ಮಾತಾಗುತ್ತದೆ. ಘೋಷಣೆಯಿಲ್ಲ, ಅಕ್ಷರವಿಲ್ಲ, ಭಾಷೆಯ ತೊಡಕೂ ಇಲ್ಲ. ಇಂಗ್ಲಿಷ್ ಬಾರದ ಕಾವಲುಗಾರನೂ ಕಡಲೆಕಾಯಿ ಮಾರುವವಳೂ ನೋಡಿ ಅರ್ಥಮಾಡಿಕೊಳ್ಳಬಲ್ಲರು.

ಬೆಂಗಳೂರಿನ ಬೀದಿಯನ್ನೇ ಪಟವನ್ನಾಗಿ ಮಾಡಿಕೊಂಡ ಇನ್ನೊಬ್ಬ ಕಲಾವಿದರೊಡನೆ ಹೋಲಿಸಿದರೆ ಈ ಕೃತಿಯ ಜಾತಿಯು ಇನ್ನೂ ವಿಶದವಾಗುತ್ತದೆ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಕಲಿತ ಬಾದಲ್ ನಂಜುಂಡಸ್ವಾಮಿಯವರು 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಯ ನೀರು ನಿಂತ ಗುಂಡಿಯಲ್ಲಿ ಮೊಸಳೆಯ ಬೊಂಬೆಯನ್ನಿಟ್ಟರು. 2019ರಲ್ಲಿ, ಚಂದ್ರಯಾನ-2 ಚಂದ್ರನ ಮೇಲೆ ಇಳಿಯಲಿದ್ದ ದಿನಗಳಲ್ಲಿ, ಗಗನಯಾತ್ರಿಯ ವೇಷದವನನ್ನು ರಸ್ತೆಯ ಕುಳಿಗಳ ನಡುವೆ ನಡೆಸಿ ಚಿತ್ರಿಸಿದರು. ಸ್ತುತಿಯ ನೆವದಿಂದ ನಿಂದಿಸುವ ವ್ಯಾಜಸ್ತುತಿಗೆ ಇದಕ್ಕಿಂತ ಚೆಲುವಾದ ಉದಾಹರಣೆಯನ್ನು ಅಲಂಕಾರದ ಪುಸ್ತಕಗಳಲ್ಲಿ ಹುಡುಕಬೇಕು. ನೋಡಿದವನು ನಗುತ್ತಾನೆ, ಗುಂಡಿಯು ಮುಚ್ಚಿದರೆ ಅಲಂಕಾರವು ಕೃತಕೃತ್ಯವಾಗುತ್ತದೆ. ಪಥೇಜಾ ಅವರ ಪ್ರಯೋಗಕ್ಕೆ ಹೀಗೆ ಮುಗಿಯುವ ಸೌಲಭ್ಯವಿಲ್ಲ. ಗುಂಡಿಯು ನಗರಪಾಲಿಕೆಯದು, ನೋಟವು ನೋಡುವವನದು.

ನಗರದ ಉದ್ಯಾನವನ್ನು ಬಿಟ್ಟು ಕೋಲಾರ ಜಿಲ್ಲೆಯ ಕಡೆಗೆ ತಿರುಗಿದರೆ ಕೃತಿಯ ಎಲ್ಲೆಯೂ ಕಾಣುತ್ತದೆ. ಬಂಗಾರಪೇಟೆ ಮಾಲೂರುಗಳ ನಿಲ್ದಾಣಗಳಿಂದ ಬೆಳಗಿನ ರೈಲನ್ನು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವ ಹೆಂಗಸರೂ, ನರಸಾಪುರದ ಕಾರ್ಖಾನೆಗಳ ಸರದಿಗೆ ಬಸ್ಸಿನಲ್ಲಿ ಹೋಗಿಬರುವ ತರುಣಿಯರೂ ಸಾರ್ವಜನಿಕ ಸ್ಥಳದಲ್ಲಿ ನಿದ್ದೆಮಾಡುವುದನ್ನು ಯಾರಿಂದಲೂ ಕಲಿಯಬೇಕಾಗಿಲ್ಲ. ಅವರು ಕಿಟಕಿಗೆ ತಲೆಯಾನಿಸಿ ದಿನವೂ ನಿದ್ರಿಸುತ್ತಾರೆ. ಅದು ಬಳಲಿಕೆಯ ನಿದ್ರೆ, ಉದ್ಯಾನದ ನಿದ್ರೆಯು ಬಿಡುವಿನ ನಿದ್ರೆ. ಕೆಲಸವೆಂಬ ಕಾರಣವಿದ್ದರೆ ಬೀದಿಯು ಹೆಂಗಸನ್ನು ಸಹಿಸುತ್ತದೆ. ಕಾರಣವಿಲ್ಲದೆ ನಿಂತರೆ ‘ಯಾಕೆ ನಿಂತಿದೀಯಮ್ಮ’ ಎನ್ನುತ್ತದೆ. ಕುರುಡುಮಲೆಯಂಥ ಊರುಗಳಲ್ಲಿಯೂ ನಿಯಮವು ಬೇರೆಯಲ್ಲ. ಹಬ್ಬದ ದಿನ ಗುಡಿಯ ಮುಂದಿನ ಬಯಲಿನಲ್ಲಿ ಹೆಂಗಸರೇ ಹೆಚ್ಚು. ಉಳಿದ ದಿನಗಳಲ್ಲಿ ಅರಳಿಯ ಕಟ್ಟೆಯ ಮೇಲೆ ಹರಟುತ್ತ ಕುಳಿತವರನ್ನು ಎಣಿಸಿದರೆ ಹೆಂಗಸೊಬ್ಬಳು ಸಿಗುವುದು ಅಪರೂಪ. ನಿಷ್ಕಾರಣವಾಗಿ ಇರುವ ಹಕ್ಕನ್ನು ಕೇಳಿದುದು ಬ್ಲ್ಯಾಂಕ್ ನಾಯ್ಸಿನ ಹೆಚ್ಚುಗಾರಿಕೆ. ಅದನ್ನು ಕೇಳಲು ಬಿಡುವುಳ್ಳವರ ಬಾಯಿಂದಲೇ ಹೆಚ್ಚಾಗಿ ಕೇಳಿಸಿದುದು ಅದರ ಕೊರತೆ. ರದನಿಕೆಯು ಇನ್ನೂ ಪೂರ್ಣವಾಗಿ ಬಾಯಿ ಬಿಟ್ಟಿಲ್ಲ.

ಉಳಿದುದು ಈ ಪ್ರಯೋಗಗಳ ಕ್ಷಣಿಕತೆಯ ವಿಚಾರ. ದೀಪವು ಹಸುರಾದೊಡನೆ ಅಕ್ಷರಗಳು ಚದರುತ್ತವೆ, ಎಚ್ಚರವಾದೊಡನೆ ಉದ್ಯಾನವು ಬರಿದಾಗುತ್ತದೆ. ಹೀಗೆ ಅಳಿಯುವುದನ್ನು ಚಿತ್ರವೆಂದು ಕರೆಯಬಹುದೇ? ಕಲ್ಯಾಣದ ಚಾಲುಕ್ಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ, ಕನ್ನಡಿಯಲ್ಲಿ ಕಂಡಂತೆ ಬರೆಯುವ ವಿದ್ಧಚಿತ್ರ ಮೊದಲಾದುವುಗಳ ಜೊತೆಯಲ್ಲಿ, ಬಣ್ಣದ ಪುಡಿಯಿಂದ ಬರೆಯುವ ಧೂಳಿಚಿತ್ರವನ್ನೂ ಚಿತ್ರವೆಂದೇ ಎಣಿಸಿದ್ದಾನೆ. ರಂಗವಲ್ಲಿಯು ಈ ಜಾತಿಯದು; ಕನ್ನಡನಾಡಿನ ಬೀದಿಯ ಮೇಲೆ ಹೆಂಗಸಿನ ಕೈಯಿಂದ ದಿನವೂ ಬೀಳುವ ಚಿತ್ರವೆಂದರೆ ಇದೊಂದೇ. ಅದನ್ನು ಇಡುವುದು ಬೀದಿಯಲ್ಲಿ ಜನಸಂಚಾರವಿಲ್ಲದ ಮುಂಜಾವದಲ್ಲಿ. ಜನರು ಬರುವ ಹೊತ್ತಿಗೆ ಬರೆದವಳು ಒಳಗೆ ಹೋಗಿರುತ್ತಾಳೆ, ಮಧ್ಯಾಹ್ನಕ್ಕೆ ಚಿತ್ರವೂ ಇರುವುದಿಲ್ಲ. ಪಥೇಜಾ ಅವರ ಪ್ರಯೋಗಗಳ ಛಾಯಾಚಿತ್ರಗಳು ಉಳಿದಿವೆ, ಉಡುಪುಗಳೊಡನೆ ಬಂದ ಹೆಂಗಸರ ಮಾತುಗಳೂ ಉಳಿದಿವೆ. ಛಾಯಾಚಿತ್ರಗಳಿಗಿಂತ ಆ ಮಾತುಗಳ ಪಾಠವನ್ನು, ಹಸ್ತಪ್ರತಿಗಳನ್ನು ಪರಿಷ್ಕರಿಸುವ ಎಚ್ಚರದಿಂದ, ಆಡಿದವಳ ನುಡಿಯನ್ನು ತಿದ್ದದೆ, ಕನ್ನಡದಲ್ಲಿ ಹೇಳಿದ್ದನ್ನು ಕನ್ನಡದಲ್ಲಿಯೇ ಇಟ್ಟು ಸಂಗ್ರಹಿಸುವುದು ಆವಶ್ಯಕ. ಆ ಕೆಲಸವು ವಿನ್ಯಾಸ ವಿದ್ಯಾಲಯದವರಿಗಿಂತ ಭಾಷಾವಿದ್ವಾಂಸರಿಗೆ ಹೆಚ್ಚು ಸೇರಿದುದು.